‘ವಾಚ್’ ಎಂಬ ಕ್ರಿಯಾಪದ

ಇಂಗ್ಲಿಷಿನ ‘ಸೀ’, ‘ಲುಕ್’, ‘ವಾಚ್’ ಎಂಬ ಮೂರು ಕ್ರಿಯಾಪದಗಳಿಗೂ ‘ನೋಡು’ ಎಂಬ ಒಂದೇ ಅರ್ಥವನ್ನು ಹೇಳಿ ಮುಂದೆ ಸಾಗುವುದು ನಮ್ಮಲ್ಲಿ ವಾಡಿಕೆ. ಮೊದಲನೆಯದಕ್ಕೆ ನಮ್ಮ ‘ಕಾಣು’ ಎಂಬುದು ಹೆಚ್ಚು ಸಮೀಪ. ಎರಡನೆಯದಕ್ಕೆ ‘ನೋಡು’ ಸಲ್ಲುತ್ತದೆ. ಮೂರನೆಯದರಲ್ಲಿಯೇ ತೊಡಕು. ಬೆಟ್ಟವನ್ನು ಯಾರು ಬೇಕಾದರೂ ‘ಸೀ’ ಮಾಡಬಹುದು. ಅದನ್ನು ‘ವಾಚ್’ ಮಾಡುತ್ತಿರುವವನು ಮಾತ್ರ, ಅಲ್ಲಿ ಏನೋ ನಡೆದೀತೆಂದು ನಿರೀಕ್ಷಿಸುತ್ತಿದ್ದಾನೆಂದೇ ಅರ್ಥ.

ಪ್ರಾಚೀನ ಇಂಗ್ಲಿಷಿನಲ್ಲಿ ಈ ಪದಕ್ಕಿದ್ದ ಅರ್ಥ ‘ಎಚ್ಚರವಾಗಿರು’ ಎಂದು. ನಿದ್ರೆಯಿಂದೇಳುವುದನ್ನು ಹೇಳುವ ‘ವೇಕ್’ ಇದರ ಒಡಹುಟ್ಟು. ಲ್ಯಾಟಿನ್ನಿನಿಂದ ಬಂದ ‘ವಿಜಿಲ್’ ದೂರದ ದಾಯಾದಿ. ಎಂದರೆ ಮೂಲತಃ ಇದು ನೋಟದ ಪದವಲ್ಲ, ಜಾಗರಣೆಯ ಪದ. 1611ರ ಇಂಗ್ಲಿಷ್ ಬೈಬಲಿನಲ್ಲಿ, ತಾನು ಸೆರೆಸಿಕ್ಕುವ ರಾತ್ರಿ ಏಸುವು ಶಿಷ್ಯರಿಂದ ಬೇಡುವುದು ಇದನ್ನೇ, ಅವರೋ ನಿದ್ದೆಹೋಗುತ್ತಾರೆ. ಅಲ್ಲಿ ‘ನೋಡುತ್ತಿರಿ’ ಎಂದು ಅರ್ಥಮಾಡಿದರೆ ಪ್ರಸಂಗವೇ ಕೆಟ್ಟುಹೋಗುತ್ತದೆ.

ಎಚ್ಚರವಿದ್ದವನ ಪಾಲಿಗೆ ಕಾವಲು ಬರುವುದು ಸಹಜ. 1829ರಲ್ಲಿ ಲಂಡನ್ನಿಗೆ ಹೊಸ ಪೋಲೀಸು ದಳ ಬರುವವರೆಗೆ, ಇರುಳಲ್ಲಿ ಲಾಂದ್ರ ಹಿಡಿದು ಗಂಟೆಯನ್ನು ಕೂಗುತ್ತಿದ್ದ ಕಾವಲುಗಾರರಿಗೆ ಇದೇ ಪದದಿಂದ ಹೆಸರು. ಹಡಗಿನಲ್ಲಿ ನಾಲ್ಕು ಗಂಟೆಗಳ ಕಾವಲಿನ ಸರದಿಗೂ ‘ವಾಚ್’ ಎಂದೇ ಹೇಳುವರು. ದಿನಕ್ಕೆ ಆರು ಸರದಿಗಳಾದರೆ, ಎರಡು ತಂಡಗಳ ಹಡಗಿನಲ್ಲಿ ಒಂದೇ ತಂಡಕ್ಕೆ ನಿತ್ಯವೂ ನಡುರಾತ್ರಿಯ ಕಷ್ಟ! ಆದುದರಿಂದ ಸಂಜೆ 4ರಿಂದ 8ರವರೆಗಿನ ಸರದಿಯನ್ನು ಎರಡಾಗಿ ಒಡೆದು ಏಳು ಮಾಡಿಕೊಂಡರು. ಜೇಬಿನ ಗಡಿಯಾರವೂ ಈ ಹೆಸರಿಗೆ ಬಾಧ್ಯಸ್ಥನಾಯಿತು.

ಇನ್ನೊಂದು ಸ್ವಾರಸ್ಯವುಂಟು. ‘ವೇಟ್’ ಎಂಬ ಪದವೂ ಈ ವಂಶದ್ದೇ. ಜರ್ಮಾನಿಕ್ ಮೂಲದಿಂದ ಫ್ರೆಂಚಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ಬಂದಿತು. ಮೊದಲು ಅದಕ್ಕೂ ಹೊಂಚಿ ನೋಡುವ ಅರ್ಥವೇ ಇದ್ದಿತು. ಹೀಗೆ ಇಂಗ್ಲಿಷರು ಎರಡು ಪದಗಳಿಗೆ ಹಂಚಿಕೊಟ್ಟುದನ್ನು ನಮ್ಮ ‘ಕಾಯು’ ಒಂದೇ ಹೊತ್ತುಕೊಂಡಿದೆ: ರೈತನು ಹೊಲವನ್ನು ಕಾಯುತ್ತಾನೆ, ಮಳೆಗಾಗಿಯೂ ಕಾಯುತ್ತಾನೆ.

ಹಾಗೆಂದು ‘ವಾಚ್’ ಬಂದಲ್ಲೆಲ್ಲ ‘ಕಾಯು’ ಎಂದು ಬರೆಯುವುದೂ ಉಚಿತವಲ್ಲ. ಕ್ರಿಕೆಟ್ ಆಟವನ್ನು ಯಾರೂ ಕಾಯುವುದಿಲ್ಲ, ನೋಡುತ್ತಾರೆ. ಆದರೆ ಒಲೆಯ ಮೇಲಿನ ಹಾಲಿನ ಬಳಿ ಮಗಳನ್ನು ನಿಲ್ಲಿಸಿ ಹೋಗುವ ತಾಯಿ ‘ಹಾಲು ನೋಡು’ ಎನ್ನದೆ ‘ನೋಡಿಕೋ’ ಎನ್ನುತ್ತಾಳೆ. ಇಂಗ್ಲಿಷ್ ತಾಯಿಯು ಅಲ್ಲಿ ‘ವಾಚ್’ ಎನ್ನುವಳು.