ಗೋ ಭಾಷೆಯ ಮಾಡ್ಯೂಲ್‌ಗಳು: ಹೊಸದಕ್ಕೆ ಆತುರಪಡದ ವ್ಯವಸ್ಥೆ

ಇಂದು ಬಳಕೆಯಲ್ಲಿರುವ ಸಾಧಾರಣ ತಂತ್ರಾಂಶವೊಂದನ್ನು ಬಿಡಿಸಿ ನೋಡಿದರೆ, ಅದನ್ನು ರಚಿಸಿದವರು ಸ್ವತಃ ಬರೆದ ಸಾಲುಗಳಿಗಿಂತ ಬೇರೆಯವರು ಬರೆದು ಹಂಚಿದ ಸಾಲುಗಳೇ ಎಷ್ಟೋ ಸಲ ಹೆಚ್ಚಾಗಿರುತ್ತವೆ. ಹೀಗೆ ಎರವಲು ತಂದ ಭಾಗಗಳು ತಮ್ಮ ಪಾಡಿಗೆ ಬದಲಾಗುತ್ತಲೇ ಇರುವುದರಿಂದ, ಯಾವ ಭಾಗದ ಯಾವ ಆವೃತ್ತಿಯನ್ನು ಬಳಸಬೇಕೆಂಬುದು ಪ್ರೋಗ್ರಾಮಿಂಗ್‌ನ ದೊಡ್ಡ ತಲೆನೋವುಗಳಲ್ಲೊಂದಾಗಿದೆ. ಗೋ ಭಾಷೆ ಇದಕ್ಕೆ ಕಂಡುಕೊಂಡ ಪರಿಹಾರ ಮೊದಲ ನೋಟಕ್ಕೆ ಹಿಂದುಳಿದದ್ದೆನಿಸಿದರೂ ವಿವೇಕದ್ದೇ ಆಗಿದೆ.

ಗೂಗಲ್ ಸಂಸ್ಥೆಯಲ್ಲಿ ರಾಬರ್ಟ್ ಗ್ರೀಸ್ಮರ್, ರಾಬ್ ಪೈಕ್ ಮತ್ತು ಯುನಿಕ್ಸ್‌ನ ನಿರ್ಮಾತೃಗಳಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 2007ರಲ್ಲಿ ರೂಪಿಸತೊಡಗಿದ ಈ ಭಾಷೆ 2009ರ ನವೆಂಬರ್‌ನಲ್ಲಿ ಸಾರ್ವಜನಿಕರಿಗೆ ಮುಕ್ತವಾಯಿತು. ಅದರ ಮೊದಲ ಸ್ಥಿರ ಆವೃತ್ತಿ 2012ರ ಮಾರ್ಚ್‌ನಲ್ಲಿ ಹೊರಬಂತು. ಗೋ ಕಂಪೈಲ್ ಆಗುವ ಭಾಷೆ, ಎಂದರೆ ಮನುಷ್ಯರು ಬರೆದ ಸಾಲುಗಳನ್ನೆಲ್ಲ ಕಂಪೈಲರ್ ಎಂಬ ತಂತ್ರಾಂಶವು ಮೊದಲೇ ಓದಿ, ಪ್ರೊಸೆಸರ್‌ಗೆ ನೇರವಾಗಿ ಅರ್ಥವಾಗುವ ಯಂತ್ರಸಂಕೇತಕ್ಕೆ ತಿರುಗಿಸಿ, ಒಂದು ಕಡತವಾಗಿ ಇರಿಸುತ್ತದೆ. ಸಿ++ನಲ್ಲಿ ಬರೆದ ಬೃಹತ್ ಪ್ರೋಗ್ರಾಂಗಳು ಕಂಪೈಲ್ ಆಗಲು ಹಿಡಿಯುತ್ತಿದ್ದ ಸಮಯದಿಂದ ಬೇಸತ್ತವರೇ ರೂಪಿಸಿದ್ದರಿಂದ ಗೋ ಈ ಕೆಲಸವನ್ನು ಬೇಗ ಮುಗಿಸುತ್ತದೆ. ಆಮದು ಮಾಡಿಕೊಂಡು ಬಳಸದೆ ಬಿಟ್ಟ ಭಾಗವೊಂದಿದ್ದರೆ ಅದನ್ನು ತಪ್ಪೆಂದೇ ಪರಿಗಣಿಸಿ ಕಂಪೈಲ್ ಮಾಡಲು ನಿರಾಕರಿಸುತ್ತದೆ. ಹೊಸಬರಿಗೆ ಇದು ಕಿರಿಕಿರಿಯೇ ಸರಿ.

ಗೋ ಭಾಷೆಯನ್ನು ಗೋ.ಡೆವ್ ತಾಣದಿಂದ ಅನುಸ್ಥಾಪಿಸಿಕೊಂಡ ಮೇಲೆ ಖಾಲಿ ಫೋಲ್ಡರ್ ಒಂದನ್ನು ತೆರೆದು, ಅದರೊಳಗೆ ‘ಗೋ ಮಾಡ್ ಇನಿಟ್’ ಎಂಬ ಆದೇಶವನ್ನು ಮಾಡ್ಯೂಲಿನ ಹೆಸರಿನೊಂದಿಗೆ ಕೊಟ್ಟರೆ ‘ಗೋ.ಮಾಡ್’ ಎಂಬ ಪುಟ್ಟ ಕಡತ ಸೃಷ್ಟಿಯಾಗುತ್ತದೆ. ಆರಂಭದಲ್ಲಿ ಅದರಲ್ಲಿರುವುದು ಮಾಡ್ಯೂಲಿನ ಹೆಸರು ಮತ್ತು ಗೋ ಭಾಷೆಯ ಆವೃತ್ತಿ, ಇಷ್ಟೇ. ಒಂದು ಫೋಲ್ಡರಿನಲ್ಲಿರುವ ಗೋ ಕಡತಗಳು ಸೇರಿ ಪ್ಯಾಕೇಜ್ ಆಗುತ್ತವೆ, ಒಟ್ಟಾಗಿ ಒಂದೇ ಆವೃತ್ತಿಸಂಖ್ಯೆಯಡಿ ಬಿಡುಗಡೆಯಾಗುವ ಪ್ಯಾಕೇಜ್‌ಗಳ ಗುಂಪು ಮಾಡ್ಯೂಲ್ ಎನಿಸಿಕೊಳ್ಳುತ್ತದೆ. ‘ಗೋ ರನ್’ ಆದೇಶವು ಪ್ರೋಗ್ರಾಮನ್ನು ತಾತ್ಕಾಲಿಕವಾಗಿ ಕಂಪೈಲ್ ಮಾಡಿ ಕೂಡಲೇ ನಡೆಸಿದರೆ, ‘ಗೋ ಬಿಲ್ಡ್’ ಆದೇಶವು ಬೇರೆ ಕಂಪ್ಯೂಟರಿಗೂ ಒಯ್ಯಬಹುದಾದ ಕಡತವನ್ನು ಕೊಡುತ್ತದೆ. ಗೋ ಅನುಸ್ಥಾಪಿಸದ ಕಂಪ್ಯೂಟರಿನಲ್ಲೂ ಅದು ನಡೆಯುತ್ತದೆ.

ಯುಟಿಎಫ್-8 ಎಂಬ ಅಕ್ಷರಸಂಕೇತ ಪದ್ಧತಿಯನ್ನು 1992ರಲ್ಲಿ ರೂಪಿಸಿದವರು ಇದೇ ಥಾಂಪ್ಸನ್ ಮತ್ತು ಪೈಕ್ ಆದ್ದರಿಂದ, ಗೋ ಕಡತಗಳಲ್ಲಿ ಕನ್ನಡ ಪಠ್ಯವನ್ನು ಯಾವ ಸಿದ್ಧತೆಯೂ ಇಲ್ಲದೆ ಬರೆಯಬಹುದು. ಆದರೆ ‘ನಮಸ್ಕಾರ’ದ ಉದ್ದವೆಷ್ಟೆಂದು ಗೋ ಭಾಷೆಯ ‘ಲೆನ್’ ಅನ್ನು ಕೇಳಿದರೆ 21 ಎಂಬ ಉತ್ತರ ಬರುತ್ತದೆ, ಏಕೆಂದರೆ ಅದು ಎಣಿಸುವುದು ಬೈಟ್‌ಗಳನ್ನು. ಆ ಪದದಲ್ಲಿರುವ 7 ಯೂನಿಕೋಡ್ ಚಿಹ್ನೆಗಳಲ್ಲಿ ಒಂದೊಂದೂ 3 ಬೈಟ್ ಹಿಡಿಯುತ್ತದೆ. ಚರಾಂಶಕ್ಕೆ ‘ಮರ’ ಎಂದು ಹೆಸರಿಟ್ಟರೆ ಕಂಪೈಲರ್ ಒಪ್ಪುತ್ತದೆ, ‘ಕಾಡು’ ಎಂದಿಟ್ಟರೆ ಒಪ್ಪುವುದಿಲ್ಲ. ದೀರ್ಘ, ಕೊಂಬು ಮೊದಲಾದ ಸ್ವರಚಿಹ್ನೆಗಳನ್ನು ಅದು ಅಕ್ಷರಗಳೆಂದು ಗಣಿಸದಿರುವುದೇ ಕಾರಣ. ಇನ್ನೂ ವಿಚಿತ್ರವೆಂದರೆ, ಪ್ಯಾಕೇಜಿನ ಹೊರಗಿನವರಿಗೆ ಕಾಣಬೇಕಾದ ಹೆಸರು ಕ್ಯಾಪಿಟಲ್ ಅಕ್ಷರದಿಂದ ಆರಂಭವಾಗಬೇಕೆಂಬ ನಿಯಮ ಗೋದಲ್ಲಿದ್ದು, ಆ ಭೇದವೇ ಇಲ್ಲದ ಕನ್ನಡದ ಅಕ್ಷರದಿಂದ ಆರಂಭವಾಗುವ ಹೆಸರು ಪ್ಯಾಕೇಜಿನೊಳಗೇ ಉಳಿಯಬೇಕಾಗುತ್ತದೆ. ಯುಟಿಎಫ್-8 ಅನ್ನು ಕೊಟ್ಟವರ ಭಾಷೆಯಲ್ಲಿ ಇಂಥ ಕೊರತೆ ಇರಬಾರದಿತ್ತು.

ಹೊರಗಿನ ಭಾಗಗಳನ್ನು ತರುವ ವಿಷಯದಲ್ಲಿ ಗೋ ಬಹುಕಾಲ ಒರಟಾಗಿಯೇ ಇತ್ತು. ಎಲ್ಲ ಸಂಕೇತವನ್ನೂ ‘ಗೋಪಾತ್’ ಎಂಬ ನಿಗದಿತ ಫೋಲ್ಡರಿನಡಿ ಇರಿಸಬೇಕಿತ್ತು, ‘ಗೋ ಗೆಟ್’ ಎಂದಾಗ ಆವೃತ್ತಿಯ ಲೆಕ್ಕವೇ ಇಲ್ಲದೆ ಆ ಕ್ಷಣಕ್ಕೆ ದೊರೆತ ಹೊಸ ಪ್ರತಿ ಇಳಿಯುತ್ತಿತ್ತು. ಹಾಗಾಗಿ ನಿನ್ನೆ ಕಂಪೈಲ್ ಆದದ್ದು ಇಂದು ಬೇರೊಬ್ಬರ ಕಂಪ್ಯೂಟರಿನಲ್ಲಿ ಆಗದೆಹೋಗುವುದು ಸಾಮಾನ್ಯವಾಗಿತ್ತು. ಗೋ ತಂಡದ ರಸ್ ಕಾಕ್ಸ್ 2018ರಲ್ಲಿ ಮಂಡಿಸಿದ ಮಾಡ್ಯೂಲ್ ವಿನ್ಯಾಸವು ಅದೇ ವರ್ಷ ಗೋ 1.11ರಲ್ಲಿ ಪ್ರಾಯೋಗಿಕವಾಗಿ ಬಂದು, 2021ರ ಗೋ 1.16ರಿಂದ ಪೂರ್ವನಿಯೋಜಿತ ಕ್ರಮವಾಯಿತು.

ಈ ವಿನ್ಯಾಸದಲ್ಲಿ ಪ್ರತಿ ಮಾಡ್ಯೂಲಿಗೂ ಮೂರು ಅಂಕೆಗಳ ಆವೃತ್ತಿಸಂಖ್ಯೆ ಇರುತ್ತದೆ. ತಪ್ಪು ತಿದ್ದಿದಾಗ ಕೊನೆಯ ಅಂಕೆಯೂ, ಹಳೆಯ ಬಳಕೆಗೆ ಧಕ್ಕೆಯಾಗದಂತೆ ಸೌಲಭ್ಯ ಸೇರಿಸಿದಾಗ ನಡುವಿನದೂ, ಹಳೆಯ ಬಳಕೆ ಮುರಿಯುವಂತೆ ಬದಲಾಯಿಸಿದಾಗ ಮೊದಲನೆಯದೂ ಏರುತ್ತದೆ. ಮೊದಲನೆಯದು ಎರಡಕ್ಕೆ ಅಥವಾ ಅದರಾಚೆಗೆ ಏರಿದರೆ ಮಾಡ್ಯೂಲಿನ ಹೆಸರಿಗೇ ಆ ಸಂಖ್ಯೆ ಸೇರಿ ಅದು ಬೇರೆ ಮಾಡ್ಯೂಲ್ ಎಂದೇ ಪರಿಗಣಿತವಾಗುವುದರಿಂದ, ಒಂದೇ ಪ್ರೋಗ್ರಾಮಿನಲ್ಲಿ ಹಳೆಯದೂ ಹೊಸದೂ ಜೊತೆಗಿರಬಲ್ಲವು.

ಆಯ್ಕೆಯ ಬಗೆಯನ್ನು ಉದಾಹರಣೆಯಿಂದ ನೋಡಬಹುದು. ಒಂದು ಪ್ರೋಗ್ರಾಂ ‘ಅ’ ಮತ್ತು ‘ಆ’ ಎಂಬ ಎರಡು ಮಾಡ್ಯೂಲ್‌ಗಳನ್ನು ಬಳಸುತ್ತದೆ ಎನ್ನೋಣ. ಎರಡಕ್ಕೂ ‘ಇ’ ಎಂಬ ಮತ್ತೊಂದು ಮಾಡ್ಯೂಲ್ ಬೇಕು. ‘ಅ’ ತನಗೆ ಕನಿಷ್ಠ 1.3.0 ಬೇಕೆಂದೂ ‘ಆ’ ಕನಿಷ್ಠ 1.5.0 ಬೇಕೆಂದೂ ತಂತಮ್ಮ ‘ಗೋ.ಮಾಡ್’ ಕಡತದಲ್ಲಿ ಹೇಳುತ್ತವೆ. ‘ಇ’ಯ ಇತ್ತೀಚಿನ ಬಿಡುಗಡೆ 1.9.0 ಆಗಿದೆ. ಅನೇಕ ಭಾಷೆಗಳ ಪ್ಯಾಕೇಜ್ ಸಾಧನಗಳು ಇಲ್ಲಿ 1.9.0ಕ್ಕೆ ಕೈಹಾಕಿ, ಆ ಆಯ್ಕೆ ಮತ್ತೆ ಬದಲಾಗದಂತೆ ಪ್ರತ್ಯೇಕ ಕಡತವೊಂದರಲ್ಲಿ ಬೀಗ ಹಾಕಿಡುತ್ತವೆ. ಗೋ ಆರಿಸುವುದು 1.5.0 ಅನ್ನು, ಎಂದರೆ ಕೇಳಿದ ಕನಿಷ್ಠಗಳಲ್ಲಿ ಗರಿಷ್ಠವಾದುದನ್ನು. ‘ಆ’ಯನ್ನು ರಚಿಸಿದವರು ಮುಂದಿಟ್ಟುಕೊಂಡು ಕೆಲಸ ಮಾಡಿದ ಆವೃತ್ತಿ ಅದೇ, 1.9.0 ಅನ್ನು ಇಬ್ಬರಲ್ಲಿ ಯಾರೂ ಕೇಳಿಲ್ಲ. ಹೊಸ ಬಿಡುಗಡೆಯಾದ ಮಾತ್ರಕ್ಕೆ ಉತ್ತರ ಬದಲಾಗದೆ, ಅದೇ ‘ಗೋ.ಮಾಡ್’ ಎಲ್ಲ ಕಂಪ್ಯೂಟರುಗಳಲ್ಲೂ ಅದೇ ಪಟ್ಟಿಯನ್ನು ಕೊಡುತ್ತದೆ.

ಇಳಿಸಿಕೊಂಡ ಮಾಡ್ಯೂಲನ್ನು ನಡುವೆ ಯಾರೂ ತಿದ್ದಿಲ್ಲವೆಂಬುದನ್ನು ‘ಗೋ.ಸಮ್’ ಕಡತ ಖಚಿತಪಡಿಸುತ್ತದೆ. ಮಾಡ್ಯೂಲಿನ ಒಳಪಠ್ಯದಿಂದ ಎಸ್‌ಎಚ್‌ಎ-256 ಎಂಬ ಗಣಿತ ವಿಧಾನದಿಂದ ಲೆಕ್ಕಹಾಕಿದ ಗುರುತು ಅದರಲ್ಲಿದ್ದು, ಒಂದೇ ಒಂದು ಅಕ್ಷರ ಬದಲಾದರೂ ಗುರುತು ತಾಳೆಯಾಗದೆ ಕೆಲಸ ನಿಲ್ಲುತ್ತದೆ. ಬಳಕೆಯಾಗದ ಮಾಡ್ಯೂಲ್‌ಗಳನ್ನು ಪಟ್ಟಿಯಿಂದ ತೆಗೆದು, ಬಿಟ್ಟುಹೋದವನ್ನು ಸೇರಿಸುವ ಕೆಲಸ ‘ಗೋ ಮಾಡ್ ಟೈಡಿ’ಯದು.

ತಾನಾಗಿ ಮೇಲೇರದ ಈ ವ್ಯವಸ್ಥೆಯಲ್ಲಿ ಭದ್ರತೆಯ ತಿದ್ದುಪಡಿಗಳೂ ತಾವಾಗಿ ಬರುವುದಿಲ್ಲ. ಆದ್ದರಿಂದ ಗೋ ಕಲಿಯಲು ಹೊರಟವರು ‘ಗೋ.ಮಾಡ್’ ಮತ್ತು ‘ಗೋ.ಸಮ್’ ಎರಡನ್ನೂ ಮೂಲಸಂಕೇತದ ಜೊತೆಗೇ ಕಾಪಾಡಿಕೊಂಡು, ಗೋ ತಂಡವೇ ಒದಗಿಸಿರುವ ‘ಗೋವಲ್ನ್‌ಚೆಕ್’ ಸಾಧನವನ್ನು ಆಗಾಗ ನಡೆಸಿ, ದೋಷವಿದೆಯೆಂದು ಅದು ತೋರಿಸಿದ ಮಾಡ್ಯೂಲ್‌ಗಳನ್ನು ‘ಗೋ ಗೆಟ್’ ಮೂಲಕ ತಾವೇ ನವೀಕರಿಸಿಕೊಳ್ಳಬೇಕು.