ಹುಡುಕಿದಾಗ ಹೆಸರು ಬರಲಿಲ್ಲವೆಂದರೆ ವೋಟು ಅಳಿಸಿದ್ದಾರೆ ಎಂದರ್ಥವೇ?

“ಮೊಬೈಲಿನಲ್ಲಿ ನಿಮ್ಮ ಹೆಸರು ಹುಡುಕಿ. ಬರದಿದ್ದರೆ ವೋಟು ಅಳಿಸಿದ್ದಾರೆ ಎಂದೇ ತಿಳಿಯಿರಿ. ಎಲ್ಲರಿಗೂ ಕಳುಹಿಸಿ.” ಚುನಾವಣೆ ಹತ್ತಿರ ಬಂದಾಗ ಇಂಥ ಫಾರ್ವರ್ಡ್‌ಗಳು ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತವೆ. ಹೆಸರು ಬಿಟ್ಟುಹೋಗುವುದು ಉಂಟು, ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹುಡುಕಿದಾಗ ಬರಲಿಲ್ಲ ಎಂಬುದೊಂದೇ ಅದಕ್ಕೆ ಸಾಕ್ಷಿಯಲ್ಲ. ಕಂಪ್ಯೂಟರ್ ಹುಡುಕುವ ಬಗೆ ಗೊತ್ತಾದರೆ ಕಾರಣವೂ ಗೊತ್ತಾಗುತ್ತದೆ.

ಹನೂರು ತಾಲ್ಲೂಕಿನ ಬಂಡಳ್ಳಿಯ ಒಂದು ಮತಗಟ್ಟೆಯ ಪಟ್ಟಿಯಲ್ಲಿ 1,200 ಹೆಸರುಗಳಿವೆ ಎಂದುಕೊಳ್ಳೋಣ. ಅಚ್ಚಾದ ಪಟ್ಟಿ ಅಕಾರಾದಿಯಾಗಿ ಇರುವುದಿಲ್ಲ, ಮನೆಗಳ ಕ್ರಮದಲ್ಲಿರುತ್ತದೆ. ಹೆಸರಷ್ಟೇ ಗೊತ್ತಿದ್ದರೆ ಮೊದಲಿನಿಂದ ಒಂದೊಂದೇ ಸಾಲು ನೋಡುತ್ತಾ ಹೋಗಬೇಕು. ಕೊನೆಯ ಸಾಲಿನಲ್ಲಿದ್ದರೆ 1,200 ಸಲ.

ಅದೇ ಪಟ್ಟಿಯನ್ನು ಗುರುತಿನ ಚೀಟಿಯ ಎಪಿಕ್ ಸಂಖ್ಯೆಯ ಏರಿಕೆ ಕ್ರಮದಲ್ಲಿ ಜೋಡಿಸಿ. ಈಗ ನಟ್ಟನಡುವಿನ ಸಾಲು ನೋಡಿ. ನಿಮ್ಮ ಸಂಖ್ಯೆ ಅದಕ್ಕಿಂತ ದೊಡ್ಡದೇ? ಮೇಲಿನ ಅರ್ಧ ಪಟ್ಟಿಯನ್ನು ಮರೆತುಬಿಡಿ. ಉಳಿದ ಅರ್ಧದಲ್ಲಿ ಮತ್ತೆ ನಡುವಿನ ಸಾಲು. ಹೀಗೆ ಹೆಚ್ಚೆಂದರೆ 11 ಸಲ ನೋಡಿದರೆ ಕೆಲಸ ಮುಗಿಯಿತು. ಇದು ಬೈನರಿ ಸರ್ಚ್ ಎಂಬ ಅಲ್ಗಾರಿದಮ್. ಕರ್ನಾಟಕದ 5 ಕೋಟಿಗೂ ಹೆಚ್ಚು ಮತದಾರರ ಪಟ್ಟಿಗೂ 26 ನೋಟ ಸಾಕು! ಪಟ್ಟಿ ಎರಡರಷ್ಟಾದರೆ ಹೆಚ್ಚುವುದು ಒಂದೇ ಒಂದು ನೋಟ. ಅಲ್ಗಾರಿದಮ್ ವಿಶ್ಲೇಷಣೆಯಲ್ಲಿ ಯಂತ್ರ ಎಷ್ಟು ದುಬಾರಿ ಎಂದು ಯಾರೂ ಕೇಳುವುದಿಲ್ಲ. ಪಟ್ಟಿ ಬೆಳೆದಂತೆ ಕೆಲಸ ಎಷ್ಟು ಬೆಳೆಯುತ್ತದೆ ಎಂದು ಕೇಳುತ್ತಾರೆ. (ಇಷ್ಟು ಸರಳವಾದದ್ದರಲ್ಲೂ ಎಡವಬಹುದು: ಜಾವಾ ಭಾಷೆಯ ಬೈನರಿ ಸರ್ಚ್‌ನಲ್ಲಿ ನಡುವನ್ನು ಲೆಕ್ಕ ಹಾಕುವ ಸಾಲೇ ತಪ್ಪಿತ್ತು ಎಂದು 2006ರಲ್ಲಿ ಬಯಲಾಯಿತು.)

ಹೆಸರಿನಿಂದ ಹುಡುಕುವಾಗ ತೊಡಕು ಬೇರೆ. ಮಲೆ ಮಹದೇಶ್ವರನ ಸೀಮೆಯಲ್ಲಿ ಮಹದೇವ, ಮಾದೇವ, ಮಹಾದೇವ ಎಂಬ ಹೆಸರುಗಳಿಗೆ ಬರವೇ? ಕರೆಯುವಾಗ ನಮಗೆಲ್ಲ ಒಂದೇ. ಅಕ್ಷರಕ್ಕೆ ಅಕ್ಷರ ಹೋಲಿಸುವ ಯಂತ್ರಕ್ಕೆ ಮೂರೂ ಬೇರೆ ಬೇರೆ. ಇಂಗ್ಲಿಷಿನಲ್ಲಿ ಬರೆದರೆ ಕಾಗುಣಿತ ಇನ್ನೂ ನಾಲ್ಕು ಬಗೆ. ಹಾಗಾಗಿ ‘ಸಿಗಲಿಲ್ಲ’ ಎಂದರೆ ನೀವು ಟೈಪಿಸಿದ ಅಕ್ಷರಗಳು ಸಿಗಲಿಲ್ಲ ಎಂದಷ್ಟೇ.

ಚುನಾವಣಾ ಆಯೋಗದ ಜಾಲತಾಣದಲ್ಲಿ ಎಪಿಕ್ ಸಂಖ್ಯೆ ಹಾಕಿಯೇ ಹುಡುಕಿ. ಆಗಲೂ ಬರದಿದ್ದರೆ ಸಹಾಯವಾಣಿ 1950ಕ್ಕೆ ಕರೆ ಮಾಡಿ, ಇಲ್ಲವೇ ನಿಮ್ಮ ಮತಗಟ್ಟೆಯ ಬಿಎಲ್‌ಒ ಬಳಿ ಇರುವ ಪಟ್ಟಿಯಲ್ಲಿ ಮನೆಯವರ ಸಾಲುಗಳನ್ನು ನೋಡಿ. ಅಲ್ಲೂ ಇಲ್ಲದಿದ್ದರೆ ನಮೂನೆ 6 ತುಂಬಿ ಕೊಡಿ, ಅದೂ ಬೇಗ. ಮತದಾನದ ದಿನ ಮತಗಟ್ಟೆಯಲ್ಲಿ ಹೆಸರು ಸೇರಿಸಿಕೊಳ್ಳುವುದಿಲ್ಲ.