ತಿಂಗಳ ಮಾತ್ರೆ ಈಗ ಮನೆಬಾಗಿಲಿಗೆ

ಶಿವಮೊಗ್ಗದ ಔಷಧ ವ್ಯಾಪಾರಕ್ಕೆ ಆಸ್ಪತ್ರೆಗಳೇ ಆಸರೆ. ಸಾಗರ, ಸೊರಬ, ಹೊಸನಗರ, ತೀರ್ಥಹಳ್ಳಿಗಳಿಂದ ಮೆಗ್ಗಾನ್ ಆಸ್ಪತ್ರೆಗೆ ಬಂದವರು ಡಾಕ್ಟರ ಚೀಟಿ ಹಿಡಿದು ಹತ್ತಿರದ ಮೆಡಿಕಲ್ ಶಾಪಿಗೆ ಹೋಗುವುದು ಹಳೆಯ ರೂಢಿ. ಭದ್ರಾವತಿಯ ಗಿರಾಕಿ ಬೇರೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಲ್ಲೋ ಎಂಪಿಎಂ ಕಾಗದದ ಕಾರ್ಖಾನೆಯಲ್ಲೋ ದುಡಿದು ನಿವೃತ್ತರಾದವರ ಊರದು. ಬಿ.ಪಿ., ಶುಗರ್ ಮಾತ್ರೆಗಳು ಅಂಥ ಮನೆಗಳ ತಿಂಗಳ ಖರ್ಚಿನಲ್ಲಿ ಸೇರಿಹೋಗಿವೆ. ಸರಣಿ ಮಳಿಗೆಗಳೂ ಮೊಬೈಲ್ ಆ್ಯಪ್‌ಗಳೂ ಪೈಪೋಟಿಗಿಳಿದಿರುವುದು ಮುಖ್ಯವಾಗಿ ಈ ತಿಂಗಳ ಮಾತ್ರೆಗಾಗಿ. ಜ್ವರ ಬಂದವರು ಪಾರ್ಸೆಲ್‌ಗೆ ಕಾಯಲಾರರು. ತಿಂಗಳ ಮಾತ್ರೆಯವರು ಎರಡು ದಿನ ಕಾದಾರು.

1987ರಲ್ಲಿ ಆರಂಭವಾದ ಅಪೊಲೊ ಫಾರ್ಮಸಿ, 2006ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಮೆಡ್‌ಪ್ಲಸ್ ಮೊದಲು ಮಹಾನಗರಗಳಲ್ಲಿ ಬೆಳೆದು, ಆಮೇಲೆ ಶಿವಮೊಗ್ಗದಂಥ ಊರುಗಳತ್ತ ಬಂದವು. ಅಷ್ಟರಲ್ಲಿ ಆ್ಯಪ್‌ನಲ್ಲೇ ಔಷಧ ಮಾರುವ ಎದುರಾಳಿಗಳು ಅವುಗಳಿಗೂ ಹುಟ್ಟಿದ್ದರು. 2020ರಲ್ಲಿ ರಿಲಯನ್ಸ್ ನೆಟ್‌ಮೆಡ್ಸನ್ನೂ ಮರುವರ್ಷ ಟಾಟಾ 1ಎಂಜಿಯನ್ನೂ ತಮ್ಮ ತೆಕ್ಕೆಗೆ ತೆಗೆದುಕೊಂಡವು. ಅಪೊಲೊ 2020ರಲ್ಲೇ ತನ್ನದೇ ಆ್ಯಪ್ ತಂದಿತು. ಸರಣಿ ಮಳಿಗೆಗಳು ಕಂಡುಕೊಂಡ ದಾರಿ ಸರಳ: ಬೀದಿಯಲ್ಲಿರುವ ಅಂಗಡಿಯೇ ಉಗ್ರಾಣ. ಆ್ಯಪ್‌ನಲ್ಲಿ ಬಂದ ಬೇಡಿಕೆಗೆ ಬೆಂಗಳೂರಿನಿಂದ ಪಾರ್ಸೆಲ್ ಬರಬೇಕಿಲ್ಲ, ಪಕ್ಕದ ರಸ್ತೆಯ ಮಳಿಗೆಯಿಂದಲೇ ಹುಡುಗ ಸ್ಕೂಟರಿನಲ್ಲಿ ತಂದುಕೊಡುತ್ತಾನೆ.

ಕಾನೂನು ಮಾತ್ರ ಇನ್ನೂ ಅಂಗಡಿಯ ಕಾಲದ್ದು. 1945ರ ಔಷಧ ನಿಯಮಗಳ ಪ್ರಕಾರ ಚಿಲ್ಲರೆ ಮಳಿಗೆಗೆ ಕನಿಷ್ಠ 10 ಚದರ ಮೀಟರ್ ಜಾಗ ಬೇಕು, ನೋಂದಾಯಿತ ಫಾರ್ಮಸಿಸ್ಟ್ ಇರಬೇಕು. ಆನ್‌ಲೈನ್ ಮಾರಾಟಕ್ಕೆಂದು 2018ರ ಆಗಸ್ಟ್‌ನಲ್ಲಿ ಹೊರಡಿಸಿದ ಕರಡು ನಿಯಮ ವರ್ಷಗಟ್ಟಲೆ ಕರಡಾಗಿಯೇ ಉಳಿಯಿತು. ಕೊರೋನಾ ಲಾಕ್‌ಡೌನ್ ಶುರುವಾದಾಗ, 2020ರ ಮಾರ್ಚ್ 26ರಂದು, ಕೇಂದ್ರ ಸರ್ಕಾರ ಪರವಾನಗಿ ಪಡೆದ ಅಂಗಡಿಗಳಿಗೆ ಮನೆಗೆ ಔಷಧ ತಲುಪಿಸಲು ಅನುಮತಿ ಕೊಟ್ಟಿತು. ಷರತ್ತು: ಗಿರಾಕಿ ಅದೇ ಜಿಲ್ಲೆಯವರೋ ಅಕ್ಕಪಕ್ಕದ ಜಿಲ್ಲೆಯವರೋ ಆಗಿರಬೇಕು. ಎಂದರೆ ಶಿವಮೊಗ್ಗದ ಅಂಗಡಿ ಭದ್ರಾವತಿಗೂ ಚಿಕ್ಕಮಗಳೂರು ಜಿಲ್ಲೆಯ ತರೀಕೆರೆಗೂ ಕಳಿಸಬಹುದಿತ್ತು. ಮಾರಾಟದ ಮೇಲೆ ವಿಶೇಷ ನಿಗಾ ಇರುವ ಎಚ್1 ಪಟ್ಟಿಯ ಆ್ಯಂಟಿಬಯಾಟಿಕ್‌ಗಳು, ಮಾದಕ ಅಂಶದ ಔಷಧಗಳು ಆ ಅನುಮತಿಯಿಂದ ಹೊರಗೇ ಉಳಿದವು. ಎಚ್1 ಔಷಧ ಕೊಟ್ಟಾಗ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಎಲ್ಲವನ್ನೂ ಪ್ರತ್ಯೇಕ ಪುಸ್ತಕದಲ್ಲಿ ಬರೆದು 3 ವರ್ಷ ಇಡಬೇಕು.

ಪೈಪೋಟಿಯಲ್ಲಿ ಗಿರಾಕಿಗೆ ಕೊಡುವ ರಿಯಾಯಿತಿಯ ಲೆಕ್ಕ ಕಾನೂನಿಗಿಂತ ಬಿಗಿ. ಬೆಲೆ ನಿಯಂತ್ರಣದಲ್ಲಿರುವ ಔಷಧದ ದರ ನಿಗದಿಯಲ್ಲಿ ಚಿಲ್ಲರೆ ವ್ಯಾಪಾರಿಗೆ ಇಟ್ಟಿರುವ ಲಾಭ ಶೇ 16. ತೆರಿಗೆ ಬದಿಗಿಟ್ಟು ನೋಡಿದರೆ, 100 ರೂಪಾಯಿಗೆ ಕೊಂಡದ್ದನ್ನು 116ಕ್ಕೆ ಮಾರಬಹುದು. ಅದರಲ್ಲಿ ಶೇ 10 ಬಿಟ್ಟುಕೊಟ್ಟರೆ ಕೈಯಲ್ಲಿ ಉಳಿಯುವುದು 4 ರೂಪಾಯಿ 40 ಪೈಸೆ. ಬಾಡಿಗೆ, ಸಂಬಳ, ಕರೆಂಟು ಬಿಲ್ಲು ಅದರಲ್ಲೇ ಆಗಬೇಕು. ದೊಡ್ಡ ಕಂಪನಿಗಳು ಒಟ್ಟಿಗೆ ಕೊಂಡು, ಸ್ವಂತ ಬ್ರಾಂಡಿನ ಮಾತ್ರೆ, ಸೋಪು, ಪ್ರೋಟೀನ್ ಪುಡಿ ಮಾರಿ ಆ ಕೊರತೆ ತುಂಬಿಕೊಳ್ಳುತ್ತವೆ. ಅಗ್ಗದ ಬೆಲೆಯೊಂದೇ ಬೇಕಾದವರಿಗೆ 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಕೇಂದ್ರಗಳೂ ಇವೆ.

ಒಂಟಿ ಅಂಗಡಿಯವರೂ ಸುಮ್ಮನೆ ಕೂತಿಲ್ಲ. ಚೀಟಿಯ ಫೋಟೋ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಮಾತ್ರೆ ಮನೆಗೆ ಬರುತ್ತದೆ, ಪರಿಚಯದವರಿಗೆ ಪಿಂಚಣಿ ಬರುವವರೆಗೆ ಉದ್ರಿಯೂ ಸಿಗುತ್ತದೆ. ನಾಲ್ಕೇ ಮಾತ್ರೆ ಕೇಳಿದರೂ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ. ಬ್ಯಾಚ್ ನಂಬರೂ ಎಕ್ಸ್‌ಪೈರಿ ದಿನಾಂಕವೂ ಇರುವ ತುದಿಯನ್ನು ಕೊನೆಗೆ ಉಳಿಸಿ ಕತ್ತರಿಸುವುದು ಅನುಭವಸ್ಥರ ಕ್ರಮ. ಇಬ್ಬರು ವೈದ್ಯರು ಒಂದೇ ಮಾತ್ರೆಯನ್ನು ಬೇರೆ ಬೇರೆ ಹೆಸರಿನಲ್ಲಿ ಬರೆದಿದ್ದರೆ ಅದನ್ನು ಹಿಡಿಯಬಲ್ಲವರು ಚೀಟಿ ಓದುವ ಫಾರ್ಮಸಿಸ್ಟ್. ಯಾವ ರಿಯಾಯಿತಿಗಿಂತಲೂ ಈ ಸೇವೆ ದೊಡ್ಡದು. ಮಳಿಗೆ ಚಿಕ್ಕದಿರಲಿ ದೊಡ್ಡದಿರಲಿ, ಉಳಿಯಬೇಕಾದದ್ದು ಇದೇ.

ಮನೆಗೆ ಔಷಧ ತರಿಸಿಕೊಳ್ಳುವವರು ಬಿಲ್ ಕೇಳಿ ಪಡೆಯಬೇಕು, ಬಿಲ್ಲಿನ ಬ್ಯಾಚ್ ನಂಬರನ್ನು ಸ್ಟ್ರಿಪ್ ಜತೆ ಹೋಲಿಸಿ ನೋಡಬೇಕು. ಇನ್ಸುಲಿನ್ ದಾಸ್ತಾನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕು. ಐಸ್ ಪ್ಯಾಕ್ ಇಲ್ಲದೆ ಬಿಸಿಲಿನಲ್ಲಿ ಬಂದ ಪೊಟ್ಟಣವನ್ನು ತೆಗೆದುಕೊಳ್ಳದೆ ವಾಪಸು ಕಳಿಸಬೇಕು.